ಮನಸ್ಸಿಗೆ ಬಂದದ್ದೆಲ್ಲ ನಿಮ್ಮ ಗುಣವಲ್ಲ

ಕಳೆದ ಮಳೆಗಾಲದಲ್ಲಿ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ತಾಯಿಯ ಜೊತೆ ನನ್ನಲ್ಲಿಗೆ ಬಂದಿದ್ದ. ಎಂಜಿನಿಯರಿಂಗ್ ವಿದ್ಯಾರ್ಥಿ. ತಾಯಿಯ ದೂರು ಇಷ್ಟು: "ಡಾಕ್ಟ್ರೇ, ಮೊದಲೆಲ್ಲ ರಜೆಗೆ ಬಂದರೆ ನನ್ನ ಪಕ್ಕ ಕೂತು ತರಕಾರಿ ಹೆಚ್ಚಿಕೊಡ್ತಿದ್ದ. ಈಗ ನಾನು ಈಳಿಗೆ ಮಣೆ ತೆಗೆದರೆ ಸಾಕು, ಎದ್ದು ಹೊರಗೆ ಹೋಗ್ತಾನೆ. ಹಗಲೂ ರಾತ್ರಿ ಮೊಬೈಲ್ ಹಿಡಿದು ಅದೇನೋ ಪರೀಕ್ಷೆ ಬರೀತಾನೆ. ಕೇಳಿದರೆ ಏನೂ ಹೇಳೋದಿಲ್ಲ."

ತಾಯಿಯನ್ನು ಹೊರಗೆ ಕೂರಿಸಿ ಹುಡುಗನನ್ನು ವಿಚಾರಿಸಿದೆ. ಸುಮಾರು ಹೊತ್ತು ನೆಲ ನೋಡುತ್ತ ಕುಳಿತಿದ್ದ. ಆಮೇಲೆ ಹೇಳಿದ. ಆರು ತಿಂಗಳ ಹಿಂದೆ ಒಂದು ದಿನ ಚಾಕು ಹಿಡಿದು ಬೀನ್ಸ್ ಹೆಚ್ಚುತ್ತಿದ್ದಾಗ, ಬೆನ್ನು ತಿರುಗಿಸಿ ನಿಂತಿದ್ದ ಅಮ್ಮನನ್ನು ನೋಡಿ, 'ಈಗ ಚುಚ್ಚಿಬಿಟ್ಟರೆ?' ಎಂಬ ಯೋಚನೆ ಬಂತು. ಕೈ ನಡುಗಿತು. ಚಾಕು ಕೆಳಗಿಟ್ಟು ಹೊರಗೆ ಬಂದ. ಅಮ್ಮನ ಮೇಲೆ ಕೋಪವಿರಲಿಲ್ಲ, ಜಗಳವಿರಲಿಲ್ಲ. ಆದರೂ ಆ ಯೋಚನೆ ಮರುದಿನ ಮತ್ತೆ ಬಂತು. ಅದರ ಮರುದಿನ ಇನ್ನೂ ಜೋರಾಗಿ ಬಂತು.

ಹಾಸ್ಟೆಲಿಗೆ ಹಿಂತಿರುಗಿದಾಗ ಗೆಳೆಯರು ಒಂದು ಹೊಸ ಆಟದಲ್ಲಿ ಮುಳುಗಿದ್ದರು. ಆಟ ಶುರುವಾಗುವ ಮೊದಲು ತಮಾಷೆಗೆಂದು ಎಲ್ಲರೂ ಮೊಬೈಲಿನಲ್ಲಿ 'ನೀನು ಯಾವ ಗುಣದವನು?' ಎಂಬ ಪ್ರಶ್ನಾವಳಿ ತುಂಬಿದರು. ಈ ಹುಡುಗನೂ ತುಂಬಿದ. ಇನ್ನೊಬ್ಬರಿಗೆ ಹಿಂಸೆ ಮಾಡುವ ಯೋಚನೆ ಬರುತ್ತದೆಯೇ ಎಂಬ ಅರ್ಥದ ಪ್ರಶ್ನೆಗೆ, ಸುಳ್ಳು ಹೇಳಬಾರದೆಂದು 'ಹೌದು' ಎಂದು ಗುರುತು ಹಾಕಿದ. ಅಂಥದೇ ಇನ್ನೂ ಎರಡು ಮೂರು ಪ್ರಶ್ನೆಗಳಿಗೂ ಹಾಗೆಯೇ ಉತ್ತರಿಸಿದ. ಫಲಿತಾಂಶ ಬಂತು: 'ಕೆಯಾಟಿಕ್ ಈವಿಲ್'. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಟ್ಟುಪಾಡಿಲ್ಲದ ದುಷ್ಟ. ಗೆಳೆಯರು ಬಿದ್ದು ಬಿದ್ದು ನಕ್ಕರು. ಇವನಿಗೆ ನಗು ಬರಲಿಲ್ಲ.

ಅಂದಿನಿಂದ ಅವನು ಅದೇ ಪ್ರಶ್ನಾವಳಿಯನ್ನು ಮತ್ತೆ ಮತ್ತೆ ತುಂಬತೊಡಗಿದ. ಕೆಲವು ದಿನ ಇಪ್ಪತ್ತು ಸಲ. 'ಸಜ್ಜನ' ಎಂದು ಬಂದರೆ ಅರ್ಧ ಗಂಟೆ ನೆಮ್ಮದಿ. ಆಮೇಲೆ ಅನುಮಾನ: 'ಒಳ್ಳೆಯ ಉತ್ತರ ಬರಲಿ ಎಂದು ನಾನೇ ಮೋಸ ಮಾಡಿದೆನೇನೋ?' ಮತ್ತೆ ಮೊದಲಿಂದ. ಕೊನೆಗೆ ನನ್ನೆದುರು ಕುಳಿತು ಕೇಳಿದ: "ಸರ್, ನಾನು ಒಳಗಿನಿಂದ ಕೆಟ್ಟವನಾ?"

(ಹುಡುಗ ಮತ್ತು ತಾಯಿ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಈ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಅವನು ಮೊದಲನೆಯವನಲ್ಲ. ಮೊಬೈಲು ಹೊಸದು, ಆಟ ಹೊಸದು. ಹೆದರಿಕೆ ಮಾತ್ರ ಬಹಳ ಹಳೆಯದು.

ಎಲ್ಲರ ತಲೆಯೊಳಗೂ ಬರುವ ಅತಿಥಿ

ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ. 1991ರಲ್ಲಿ ಸಂಸಾರ ಸಮೇತ ಜೋಗಕ್ಕೆ ಹೋಗಿದ್ದೆ. ಒಳ್ಳೆಯ ಮಳೆಯಾಗಿ ಶರಾವತಿ ಮೈದುಂಬಿದ್ದಳು. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕಟಾಂಜನದ ಬಳಿ ನಿಂತಿದ್ದೆ. ಎದುರಿಗೆ 253 ಮೀಟರ್ ಆಳದ ಕಣಿವೆ. ಇದ್ದಕ್ಕಿದ್ದಂತೆ 'ಮಗುವನ್ನು ಎಸೆದುಬಿಟ್ಟರೆ?' ಎನಿಸಿತು. ಮೈ ಬೆವೆತು, ಮಗುವನ್ನು ಅವುಚಿಕೊಂಡು ಹತ್ತು ಹೆಜ್ಜೆ ಹಿಂದೆ ಬಂದೆ. "ಏನಾಯ್ತು?" ಎಂದ ಹೆಂಡತಿಗೆ "ತಲೆ ಸುತ್ತಿತು" ಎಂದು ಸುಳ್ಳು ಹೇಳಿದೆ. ವೈದ್ಯನಾದ ನಾನೇ ಅದನ್ನು ಬಾಯಿಬಿಟ್ಟು ಹೇಳಲು ಇಪ್ಪತ್ತು ವರ್ಷ ಬೇಕಾಯಿತು. ಹೇಳಿದಾಗ ಆಕೆ ನಕ್ಕು, "ಅಷ್ಟೇನಾ? ಬಾಣಂತನದಲ್ಲಿ ಮಗುವಿಗೆ ನೀರು ಹಾಕುವಾಗಲೆಲ್ಲ, ಕುದಿಯುವ ಹಂಡೆ ನೋಡಿದರೆ ನನಗೂ ಹೀಗೇ ಆಗ್ತಿತ್ತು" ಎಂದಳು. ಒಂದೇ ಮನೆಯಲ್ಲಿ ಇಬ್ಬರು, ಒಂದೇ ಹೆದರಿಕೆ. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಓದುಗರೇ, ನಿಮ್ಮನ್ನೇ ಕೇಳಿಕೊಳ್ಳಿ. ರೈಲು ಬರುವಾಗ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು 'ಹಾರಿಬಿಟ್ಟರೆ?' ಎನಿಸಿಲ್ಲವೇ? ಬಾವಿಯಲ್ಲಿ ಇಣುಕಿದಾಗ ಕೈಯಲ್ಲಿನ ಬೀಗದ ಕೈ ಎಸೆಯುವ ಆಸೆಯಾಗಿಲ್ಲವೇ? ಗರ್ಭಗುಡಿಯ ಮುಂದೆ ಕೈಮುಗಿದು ನಿಂತಾಗ ಬಾಯಲ್ಲಿ ಹೇಳಬಾರದ ಮಾತು ಮನಸ್ಸಿಗೆ ಬಂದಿಲ್ಲವೇ? ಸಾವಿನ ಮನೆಯಲ್ಲಿ ನಗು ಉಕ್ಕಿಬಂದೀತೆಂದು ತುಟಿ ಕಚ್ಚಿಕೊಂಡಿಲ್ಲವೇ? ಇಂಥವುಗಳನ್ನು ಮನೋವೈದ್ಯರು ನುಗ್ಗಿಬರುವ ಆಲೋಚನೆಗಳು ಎನ್ನುತ್ತಾರೆ. ನಾವು ಕರೆದದ್ದಲ್ಲ, ನಮಗೆ ಬೇಕಾದದ್ದೂ ಅಲ್ಲ. ಬಾಗಿಲು ತಟ್ಟದೆ ಒಳಗೆ ಬಂದುಬಿಡುತ್ತವೆ.

ಇವು ಎಷ್ಟು ಸಾಮಾನ್ಯ ಎಂಬುದು ಮೊದಲು ಸ್ಪಷ್ಟವಾದದ್ದು 1978ರಲ್ಲಿ. ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಮಾನಸಿಕ ಕಾಯಿಲೆಯೂ ಇಲ್ಲದ 124 ಜನರನ್ನು ವಿಚಾರಿಸಿದಾಗ, 99 ಮಂದಿ ತಮಗೆ ಅಂಥ ಆಲೋಚನೆ ಅಥವಾ ಒತ್ತಡ ಬರುತ್ತದೆ ಎಂದು ಒಪ್ಪಿಕೊಂಡರು. ಆರೋಗ್ಯವಂತರ ಆಲೋಚನೆಗಳನ್ನೂ ಗೀಳು ರೋಗಿಗಳ ಆಲೋಚನೆಗಳನ್ನೂ ಬೆರೆಸಿ ಮುಂದಿಟ್ಟರೆ, ಯಾವುದು ಯಾರದೆಂದು ಹೇಳುವುದು ತಜ್ಞರಿಗೂ ಸುಲಭವಾಗಲಿಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆರು ಖಂಡಗಳ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಲಾಯಿತು. ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಇಂಥ ಆಲೋಚನೆ ಬಂದಿತ್ತು ಎಂದವರು ನೂರಕ್ಕೆ ಸುಮಾರು 94 ಮಂದಿ. ಎಂದರೆ, ಬಾರದಿದ್ದವರೇ ಅಪರೂಪ!

ಎಳೆ ಮಗುವಿನ ತಾಯಂದಿರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೆನಡಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಗುವಿಗೆ ಅಪಘಾತವಾದೀತೆಂಬ ಆಲೋಚನೆ ಬಾರದ ತಾಯಿಯೇ ಇರಲಿಲ್ಲ. ತಾವೇ ಮಗುವಿಗೆ ಹಾನಿ ಮಾಡಿಬಿಟ್ಟೇವೆಂಬ ಬೇಡದ ಆಲೋಚನೆ ಸುಮಾರು ಅರ್ಧದಷ್ಟು ತಾಯಂದಿರಿಗೆ ಬಂದಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಬಾಣಂತಿಯರು ಇದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಯಾರಿಗೂ ಹೇಳಲಾರದೆ, 'ನಾನೆಂಥ ತಾಯಿ' ಎಂದು ಅಳುತ್ತಿರಬಹುದು!

ಮದ್ದು ಕುಡಿಯುವಾಗ ಕೋತಿ

ಎಲ್ಲರಿಗೂ ಬರುತ್ತದೆಂದ ಮೇಲೆ ಕೆಲವರನ್ನು ಮಾತ್ರ ಹಿಡಿದು ಕಾಡುವುದೇಕೆ? ಇದಕ್ಕೆ ಉತ್ತರ ನಮ್ಮ ಹಿರಿಯರ ಒಂದು ಮಾತಿನಲ್ಲೇ ಇದೆ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದರೆ ಲೋಟ ಎತ್ತಿದಾಗಲೆಲ್ಲ ಕೋತಿಯೇ ಕಣ್ಣ ಮುಂದೆ ಬಂದು ಕೂರುತ್ತದೆ. 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಪ್ರಯೋಗದಿಂದ ತೋರಿಸಿದ. ಅವನು ಆರಿಸಿಕೊಂಡದ್ದು ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ. ಗಂಟೆ ಬಾರಿಸುತ್ತಲೇ ಇತ್ತು. ಅಷ್ಟೇ ಅಲ್ಲ, ಹೀಗೆ ಅದುಮಿಟ್ಟವರಿಗೆ ಆಮೇಲೆ ಯೋಚಿಸಲು ಬಿಟ್ಟಾಗ, ಮೊದಲಿನಿಂದಲೂ ಸ್ವತಂತ್ರವಾಗಿ ಬಿಟ್ಟವರಿಗಿಂತ ಹೆಚ್ಚು ಸಲ ಕರಡಿ ಬಂತು.

ಮನಸ್ಸು ಮನೆಯ ಕಾವಲು ನಾಯಿಯಿದ್ದಂತೆ. ದಾರಿಯಲ್ಲಿ ಹೋಗುವವರನ್ನೆಲ್ಲ ಕಂಡು ಬೊಗಳುತ್ತದೆ. ಕಟಾಂಜನದ ಬಳಿ 'ಬಿದ್ದರೆ?' ಎಂದು, ಚಾಕು ಕಂಡಾಗ 'ಚುಚ್ಚಿದರೆ?' ಎಂದು ಎಚ್ಚರಿಸುವುದು ಅದರ ಕೆಲಸ. ಬಹಳಷ್ಟು ಜನ 'ಥೂ, ಎಂಥ ಯೋಚನೆ' ಎಂದು ಬೀನ್ಸ್ ಹೆಚ್ಚುವುದನ್ನು ಮುಂದುವರಿಸುತ್ತಾರೆ. ನಾಯಿ ಸುಮ್ಮನಾಗುತ್ತದೆ. ಕೆಲವರು ಮಾತ್ರ ಬೆಚ್ಚಿಬಿದ್ದು, 'ಇದು ನನಗೇಕೆ ಬಂತು? ನನ್ನೊಳಗೆ ಇಂಥ ಆಸೆ ಇದೆಯೇ? ಯೋಚಿಸಿದ್ದೇನೆ ಎಂದರೆ ಮಾಡಿಯೂ ಬಿಡುತ್ತೇನೆಯೇ?' ಎಂದು ಕೂರುತ್ತಾರೆ. ಯೋಚಿಸಿದ್ದು ಮಾಡಿದ್ದಕ್ಕೆ ಸಮ ಎಂಬ ಈ ನಂಬಿಕೆಯೇ ಇಲ್ಲಿ ಮುಳ್ಳು. ಅಲ್ಲಿಂದ ಮುಂದೆ ಚಾಕು ಮುಟ್ಟದಿರುವುದು, ತಾಯಿಯಿಂದ ದೂರ ಕೂರುವುದು, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಶುರುವಾಗುತ್ತದೆ. 'ಯಜಮಾನ ಇಷ್ಟು ಹೆದರಿದ್ದಾನೆ ಎಂದರೆ ಕಳ್ಳ ಬಂದಿರಲೇಬೇಕು' ಎಂದು ನಾಯಿ ಇನ್ನಷ್ಟು ಬೊಗಳುತ್ತದೆ.

ಇನ್ನೊಂದು ಮಾತು. ಈ ಆಲೋಚನೆಗಳು ಸಾಮಾನ್ಯವಾಗಿ ಕಚ್ಚುವುದು ನಮಗೆ ಅತ್ಯಂತ ಪ್ರಿಯವಾದ ಜಾಗದಲ್ಲಿ. ದೈವಭಕ್ತರಿಗೆ ದೇವರನ್ನು ಬಯ್ಯುವ ಮಾತು, ತಾಯಿಗೆ ಮಗುವಿನ ಸಾವು, ಅಹಿಂಸೆಯಲ್ಲಿ ನಂಬಿಕೆಯಿರುವವನಿಗೆ ಕೊಲೆ. ಇಂಗ್ಲೆಂಡಿನ ಧರ್ಮಬೋಧಕ ಜಾನ್ ಬನ್ಯನ್ 1666ರಲ್ಲೇ ತನ್ನ ಆತ್ಮಕಥೆಯಲ್ಲಿ, ದೇವರನ್ನು ನಿಂದಿಸುವ ಆಲೋಚನೆಗಳು ತನ್ನನ್ನು ಹೇಗೆ ಹಿಂಡಿದವೆಂದು ಬರೆದಿದ್ದಾನೆ. ಅವನು ನಾಸ್ತಿಕನಾಗಿದ್ದರೆ ಅವನಿಗೆ ಆ ಸಂಕಟವೇ ಇರುತ್ತಿರಲಿಲ್ಲ. ಆ ಹುಡುಗನಿಗೂ ನಾನು ಹೇಳಿದ್ದು ಇದನ್ನೇ: "ನೀನು ಅಮ್ಮನನ್ನು ಪ್ರೀತಿಸದಿದ್ದರೆ ಆ ಯೋಚನೆಗೆ ಹೀಗೆ ನಡುಗುತ್ತಿರಲಿಲ್ಲ."

ಒಂಬತ್ತು ಮನೆಯ ಲೆಕ್ಕ

ಈಗ ಆ ಪ್ರಶ್ನಾವಳಿಯ ವಿಷಯಕ್ಕೆ ಬರೋಣ. ಹುಡುಗರು ಆಡುತ್ತಿದ್ದ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದದ್ದು. ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರ ವಹಿಸುತ್ತಾನೆ: ಯೋಧ, ಮಾಂತ್ರಿಕ, ಕಳ್ಳ, ಹೀಗೆ. ಒಬ್ಬ ಸೂತ್ರಧಾರ ಕಥೆ ನಡೆಸುತ್ತಾನೆ. ದಾಳ ಹಾಕುತ್ತ, ಮಾತಾಡುತ್ತ ಎಲ್ಲರೂ ಸೇರಿ ಆ ಕಥೆಯನ್ನು ಕಟ್ಟುತ್ತಾರೆ. ನಮ್ಮ ಬಯಲಾಟದವರನ್ನು ಮೇಜಿನ ಸುತ್ತ ಕೂರಿಸಿದಂತೆ ಎನ್ನಬಹುದು.

ಪಾತ್ರಕ್ಕೊಂದು ಸ್ವಭಾವ ಬೇಕಲ್ಲ? ಅದಕ್ಕಾಗಿ ಮೊದಲು ನಿಯಮ, ತಟಸ್ಥ, ಅರಾಜಕ ಎಂಬ ಮೂರೇ ಬಗೆಗಳಿದ್ದವು. 1978ರಲ್ಲಿ ಬಂದ ಆಟಗಾರರ ಕೈಪಿಡಿಯ ಹೊತ್ತಿಗೆ ಅವು ಒಂಬತ್ತಾಗಿದ್ದವು. ಚೌಕಾಬಾರಕ್ಕೆ ಮನೆ ಗೀಚುವಂತೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಮನೆ ಗೀಚಿ. ಒಂದು ಕಡೆ ನಿಯಮ ಪಾಲಿಸುವವ, ನಡುವಿನವ, ನಿಯಮ ಮುರಿಯುವವ. ಇನ್ನೊಂದು ಕಡೆ ಒಳ್ಳೆಯವ, ನಡುವಿನವ, ಕೆಟ್ಟವ. ಸೇರಿದರೆ ಒಂಬತ್ತು ಮನೆ. ಕಾನೂನು ಮುರಿದರೂ ಬಡವರ ಪರ ನಿಂತ ರಾಬಿನ್ ಹುಡ್‌ನಂಥವನು 'ಕೆಯಾಟಿಕ್ ಗುಡ್' ಮನೆಯವನು. ಕಾಯಿದೆಯ ಒಂದಕ್ಷರ ಮೀರದೆ ಜನರನ್ನು ಹಿಂಡುವ ರಾಜ 'ಲಾಫುಲ್ ಈವಿಲ್' ಮನೆಯವನು. ಕಥೆ ಕಟ್ಟಲು ಇದು ಸೊಗಸಾದ ಸಾಧನ, ಸಂದೇಹವಿಲ್ಲ.

ಆದರೆ ಪಾತ್ರಗಳಿಗೆಂದು ಗೀಚಿದ ಈ ಮನೆಗಳಲ್ಲಿ ಜನ ತಮ್ಮನ್ನೇ ಕೂರಿಸಿಕೊಳ್ಳತೊಡಗಿದರು. ಪ್ರಶ್ನಾವಳಿಗಳು ಹುಟ್ಟಿದವು. ಹತ್ತಿಪ್ಪತ್ತು ಪ್ರಶ್ನೆಗೆ ಗುರುತು ಹಾಕಿದರೆ ನಿಮ್ಮ ಮನೆ ಯಾವುದೆಂದು ಹೇಳಿಬಿಡುತ್ತವೆ.

ನಮ್ಮಲ್ಲಿ ಇದೇನೂ ಹೊಸದಲ್ಲ. ಜಾತಕ ನೋಡುವಾಗ ದೇವಗಣ, ಮನುಷ್ಯಗಣ, ರಾಕ್ಷಸಗಣ ಎಂದು ಹುಟ್ಟಿದ ನಕ್ಷತ್ರದಿಂದಲೇ ಮೂರು ಪಾಲು ಮಾಡುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬ ಹೆಣ್ಣುಮಗಳಿಗೆ 'ರಾಕ್ಷಸಗಣ' ಎಂಬ ಒಂದೇ ಕಾರಣಕ್ಕೆ ನಾಲ್ಕು ಸಂಬಂಧಗಳು ತಪ್ಪಿದ್ದವು. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಹಿಡಿದು ಓಡುತ್ತಿದ್ದವಳು ಅವಳೇ. ಒಮ್ಮೆ ನನ್ನೊಡನೆ, "ಡಾಕ್ಟ್ರೇ, ನನಗೆ ಕೋಪ ಬಂದಾಗಲೆಲ್ಲ ನನ್ನ ಗಣವೇ ಹೀಗಿರಬೇಕು ಅನಿಸುತ್ತೆ" ಎಂದಿದ್ದಳು. ಹಣೆಪಟ್ಟಿಯ ಕೇಡು ಇದು. ಬೇರೆಯವರು ಹಚ್ಚಿದ್ದನ್ನು ಕೊನೆಗೆ ನಾವೇ ನಂಬಿಬಿಡುತ್ತೇವೆ.

ಏಕೆ ನಂಬುತ್ತೇವೆ? 1948ರಲ್ಲಿ ಅಮೆರಿಕದ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಒಂದು ವಾರದ ನಂತರ ಪ್ರತಿಯೊಬ್ಬರಿಗೂ 'ನಿನ್ನ ವ್ಯಕ್ತಿತ್ವದ ವಿವರಣೆ' ಎಂದು ಒಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ನಿಜವೇನೆಂದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಅವನು ಅಂಗಡಿಯಲ್ಲಿ ಸಿಕ್ಕ ಜ್ಯೋತಿಷ್ಯದ ಪುಸ್ತಕದಿಂದ ತೆಗೆದಿದ್ದ! ಯಾರಿಗಾದರೂ ಹೊಂದುವ ಮಾತನ್ನು ನಮಗೆಂದೇ ಹೇಳಿದ್ದು ಎಂದುಕೊಳ್ಳುವುದು ಮನುಷ್ಯ ಸ್ವಭಾವ.

ಪರೀಕ್ಷೆ ಎಲ್ಲಿ ತಪ್ಪುತ್ತದೆ?

ಆಟ ಕೆಟ್ಟದ್ದು, ಮಕ್ಕಳು ಆಡಬಾರದು ಎಂದು ನಾನು ಹೇಳುತ್ತಿಲ್ಲ. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಕೆಡಿಸುತ್ತದೆಂದು ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದಿತ್ತು. ಅದು ಆಧಾರವಿಲ್ಲದ ಭಯ. ನಾಲ್ಕು ಜನ ಒಟ್ಟಿಗೆ ಕುಳಿತು ಕಥೆ ಕಟ್ಟುವುದರಲ್ಲಿ ತಪ್ಪೇನಿದೆ? ಪ್ರಶ್ನಾವಳಿಯೂ ಅಷ್ಟೇ. ತಮಾಷೆಗೆ ತುಂಬಿ, ನಕ್ಕು, ಮರೆತರೆ ಯಾರಿಗೂ ನಷ್ಟವಿಲ್ಲ.

ತೊಂದರೆಯಾಗುವುದು, ಹೆದರಿದ ಮನಸ್ಸು ಅದನ್ನು ನ್ಯಾಯಾಲಯ ಮಾಡಿಕೊಂಡಾಗ. ಅಂಥವನು ಪ್ರಶ್ನೆಗೆ ಉತ್ತರಿಸುವಾಗ ತಾನು ಏನು ಮಾಡಿದ್ದೇನೆ ಎಂದು ನೋಡುವುದಿಲ್ಲ, ತನಗೆ ಏನೇನು ಯೋಚನೆ ಬಂದಿದೆ ಎಂದು ನೋಡುತ್ತಾನೆ. ಇಪ್ಪತ್ತೊಂದು ವರ್ಷ ಒಂದು ಇರುವೆಯನ್ನೂ ಬೇಕೆಂದು ತುಳಿಯದ ಹುಡುಗ, ಮೂರು ಕ್ಷಣದ ಬೇಡದ ಯೋಚನೆಯನ್ನು ತನ್ನ ವಿರುದ್ಧ ಸಾಕ್ಷಿ ಹೇಳಲು ಕರೆತರುತ್ತಾನೆ. ಹೀಗಾಗಿ ಪರೀಕ್ಷೆ ಅಳೆಯುವುದು ಅವನ ಗುಣವನ್ನಲ್ಲ, ಅವನ ಹೆದರಿಕೆಯನ್ನು. ನಿಜವಾದ ನಿರ್ದಯಿ ಇದೇ ಪ್ರಶ್ನಾವಳಿ ತುಂಬಿದರೆ 'ಪರಮ ಸಜ್ಜನ' ಎಂದು ಬಂದರೂ ಆಶ್ಚರ್ಯವಿಲ್ಲ. ಅವನಿಗೆ ತನ್ನ ಮೇಲೆ ಅನುಮಾನವೇ ಇರುವುದಿಲ್ಲವಲ್ಲ!

ಎರಡನೆಯದಾಗಿ, ಪದೇ ಪದೇ ತುಂಬುವುದೇ ಒಂದು ಗೀಳಾಗುತ್ತದೆ. ಬೀಗ ಹಾಕಿದೆನೇ ಎಂದು ಹತ್ತು ಸಲ ಎಳೆದು ನೋಡುವವರನ್ನು, ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಹಿಂತಿರುಗುವವರನ್ನು ನೀವು ಕಂಡಿರುತ್ತೀರಿ. ನಾನು ಒಳ್ಳೆಯವನೇ ಎಂದು ಇಪ್ಪತ್ತು ಸಲ ಪರೀಕ್ಷೆ ಬರೆಯುವುದೂ ಅದೇ ಬೀಗ ಎಳೆಯುವ ಕೆಲಸ. ಇಲ್ಲಿ ಬೀಗ ಮನಸ್ಸಿನೊಳಗಿದೆ, ಅಷ್ಟೇ ವ್ಯತ್ಯಾಸ. ಕಜ್ಜಿ ತುರಿಸಿದಂತೆ, ಆ ಕ್ಷಣಕ್ಕೆ ಹಿತ, ಆಮೇಲೆ ಇಮ್ಮಡಿ ಉರಿ. ಪ್ರತಿ ಸಲ ತುಂಬಿದಾಗಲೂ ಮನಸ್ಸು ಕಲಿಯುವ ಪಾಠ ಒಂದೇ: 'ಇಷ್ಟು ಸಲ ನೋಡಬೇಕಾಗಿದೆ ಎಂದರೆ ಅಪಾಯ ನಿಜವೇ ಇರಬೇಕು.'

ಇದರಲ್ಲಿ ಒಂದು ತಮಾಷೆಯೂ ಇದೆ. ಆಟದ ನಿಯಮವೇ ಈ ಹುಡುಗನ ಪರವಾಗಿತ್ತು! 1979ರಲ್ಲಿ ಸೂತ್ರಧಾರರಿಗಾಗಿ ಬಂದ ಕೈಪಿಡಿಯಲ್ಲಿ ಗೈಗ್ಯಾಕ್ಸ್, ಪಾತ್ರವು ಆಟದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಗಮನಿಸುತ್ತ ಹೋಗಿ, ಅದರ ಮನೆ ಯಾವ ಕಡೆಗೆ ಸರಿಯುತ್ತಿದೆ ಎಂದು ಗುರುತು ಹಾಕಲು ಹೇಳಿದ್ದಾನೆ. ಲೆಕ್ಕ ನಡೆಯದು. ಪಾತ್ರಧಾರಿಯ ತಲೆಯಲ್ಲಿ ಸುಳಿದುಹೋದ ಯೋಚನೆಗೆ ಅಲ್ಲಿ ಅಂಕವಿಲ್ಲ. ಇದನ್ನು ಹೇಳಿದಾಗ ಆ ಹುಡುಗನ ಮುಖದಲ್ಲಿ ಮೊದಲ ಸಲ ಸಣ್ಣ ನಗು ಕಂಡೆ.

ನನ್ನ ಅಭಿಪ್ರಾಯವೂ ಇದೇ. ಬಂದ ಯೋಚನೆ ನಮ್ಮ ಕೈಯಲ್ಲಿಲ್ಲ. ಅದರ ಬೆನ್ನಿಗೆ ನಾವು ಇಡುವ ಹೆಜ್ಜೆ ನಮ್ಮದು. ಮನುಷ್ಯನನ್ನು ಅಳೆಯುವುದಿದ್ದರೆ ಹೆಜ್ಜೆಯಿಂದ ಅಳೆಯಬೇಕು.

ಯಾವಾಗ ಇದು ಕಾಯಿಲೆ?

ಬೇಡದ ಆಲೋಚನೆ ಬಂದುಹೋದರೆ ಕಾಯಿಲೆಯಲ್ಲ. ಆದರೆ ಆ ಆಲೋಚನೆ ಮತ್ತು ಅದನ್ನು ಶಮನ ಮಾಡುವ ಪರೀಕ್ಷೆ, ಪ್ರಾಯಶ್ಚಿತ್ತ, ತೊಳೆಯುವಿಕೆ, ಎಣಿಕೆಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ, ಇಲ್ಲವೇ ಓದು, ಕೆಲಸ, ಸಂಸಾರಕ್ಕೆ ಅಡ್ಡ ಬರುತ್ತಿದ್ದರೆ, ಅದು ಗೀಳು ಮನೋರೋಗವಿರಬಹುದು. ಆಗ ನಾಚಿಕೆ ಬಿಟ್ಟು ಮನೋವೈದ್ಯರನ್ನು ಕಾಣಬೇಕು.

ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. 1966ರಲ್ಲಿ ಇಂಗ್ಲೆಂಡಿನ ವಿಕ್ಟರ್ ಮೇಯರ್ ತೋರಿಸಿಕೊಟ್ಟ ದಾರಿಯಿಂದ ಬೆಳೆದ ವರ್ತನಾ ಚಿಕಿತ್ಸೆ ಒಂದು. ಹೆದರಿಸುವ ವಸ್ತುವಿನ ಎದುರು ಮೆಲ್ಲಮೆಲ್ಲಗೆ ನಿಲ್ಲಿಸುವುದು, ಮತ್ತು ಅಭ್ಯಾಸಬಲದಿಂದ ಮಾಡುತ್ತಿದ್ದ ಶಮನ ಕ್ರಿಯೆಯನ್ನು ಮಾಡದಂತೆ ತಡೆಯುವುದು. ಹೆದರಿಕೆ ಮೊದಲು ಏರಿ, ಆಮೇಲೆ ತಾನೇ ಇಳಿಯುತ್ತದೆ. ಇನ್ನೊಂದು ಔಷಧಿ. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್, ಫ್ಲುವಾಕ್ಸಮಿನ್ ಮುಂತಾದವನ್ನು ವೈದ್ಯರು ಕೊಡುತ್ತಾರೆ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಹದಿನೈದು ದಿನ ನುಂಗಿ 'ಪ್ರಯೋಜನವಿಲ್ಲ' ಎಂದು ನಿಲ್ಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಒಂದು ಎಚ್ಚರಿಕೆ. ಎಲ್ಲ ಕೆಟ್ಟ ಯೋಚನೆಯನ್ನೂ ಹೀಗೆ ತೇಲಿಸಿಬಿಡಲಾಗದು. ಗೀಳಿನ ಯೋಚನೆಗೆ ಮನುಷ್ಯ ಹೆದರುತ್ತಾನೆ, ಅದನ್ನು ದೂರ ತಳ್ಳುತ್ತಾನೆ. ಹಾಗಲ್ಲದೆ, ಸಾಯಬೇಕು ಅಥವಾ ಸಾಯಿಸಬೇಕು ಎಂದು ನಿಜವಾಗಿ ಅನ್ನಿಸುತ್ತಿದ್ದರೆ, ಅದಕ್ಕೆ ದಾರಿ ಹುಡುಕುತ್ತಿದ್ದರೆ, ಯಾರೋ ಕಿವಿಯಲ್ಲಿ ಆಜ್ಞೆ ಮಾಡಿದಂತೆ ಕೇಳುತ್ತಿದ್ದರೆ, ಬಾಣಂತಿ ನಿದ್ದೆಗೆಟ್ಟು ಗೊಂದಲದಿಂದ ಮಗುವಿನಲ್ಲಿ ದೆವ್ವವಿದೆ ಎಂದು ನಂಬುತ್ತಿದ್ದರೆ, ಅದು ಬೇರೆ ವಿಷಯ. ಅಂಥವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆತರಬೇಕು. ಯಾವುದು ಯಾವುದೆಂದು ನಿಮಗೆ ತಿಳಿಯದಿದ್ದರೆ, ತಿಳಿಯುವ ಕೆಲಸವನ್ನು ವೈದ್ಯರಿಗೆ ಬಿಡಿ.

ನೀವು ಮಾಡಬಹುದಾದದ್ದು

1. ಯೋಚನೆ ಬಂದಾಗ ಅದಕ್ಕೊಂದು ಹೆಸರಿಡಿ. 'ಓ, ನಾಯಿ ಬೊಗಳಿತು' ಎಂದುಕೊಂಡರೂ ಸಾಕು. ಅದರ ಜೊತೆ ವಾದಕ್ಕೆ ಇಳಿಯಬೇಡಿ, ಅದುಮಲೂ ಹೋಗಬೇಡಿ.

2. ಕೈಯಲ್ಲಿದ್ದ ಕೆಲಸ ಬಿಡಬೇಡಿ. ಬೀನ್ಸ್ ಹೆಚ್ಚುತ್ತಿದ್ದರೆ ಹೆಚ್ಚಿ ಮುಗಿಸಿ. ಮಗುವಿಗೆ ಸ್ನಾನ ಮಾಡಿಸುತ್ತಿದ್ದರೆ ಮಾಡಿಸಿ ಮುಗಿಸಿ. ಓಡಿದಷ್ಟೂ ಹೆದರಿಕೆ ಬೆನ್ನಟ್ಟುತ್ತದೆ.

3. ನಿಮ್ಮನ್ನು ಪರೀಕ್ಷಿಸಿಕೊಳ್ಳುವುದನ್ನು ನಿಲ್ಲಿಸಿ. ಪ್ರಶ್ನಾವಳಿಯಾಗಲಿ, ಗಣವಾಗಲಿ, ಹೂವಿನ ಪ್ರಸಾದವಾಗಲಿ, 'ನಾನು ಒಳ್ಳೆಯವನೇ?' ಎಂದು ಎರಡನೆಯ ಸಲ ಕೇಳಬೇಕೆನಿಸಿದರೆ ಅಲ್ಲಿಗೇ ಎದ್ದುಬಿಡಿ. ಉತ್ತರ ಸಿಗದ ಇರುಸುಮುರುಸನ್ನು ಸ್ವಲ್ಪ ಹೊತ್ತು ಸಹಿಸಿ.

4. ನಂಬಿಕೆಯ ಒಬ್ಬರಿಗೆ ಹೇಳಿ. ಗುಟ್ಟಾಗಿಟ್ಟ ಯೋಚನೆ ಕತ್ತಲೆಯ ಹಗ್ಗದಂತೆ ಹಾವಾಗುತ್ತದೆ.

ಮನೆಯವರಿಗೂ ಒಂದು ಮಾತು. ಮಗ ಅಥವಾ ಮಗಳು ಧೈರ್ಯ ಮಾಡಿ ಇಂಥದ್ದನ್ನು ಹೇಳಿದರೆ 'ಅಯ್ಯೋ, ಹೀಗೂ ಯೋಚಿಸ್ತೀಯಾ!' ಎಂದು ಹೌಹಾರಬೇಡಿ. ದೃಷ್ಟಿ ತೆಗೆಸುವುದು, ಹರಕೆ ಹೊರುವುದು, ಆಣೆ ಹಾಕಿಸುವುದರಿಂದ 'ನಾನು ನಿಜವಾಗಿ ಅಪಾಯಕಾರಿ' ಎಂಬ ಅವರ ಭಯಕ್ಕೇ ಮುದ್ರೆ ಒತ್ತಿದಂತಾಗುತ್ತದೆ. ಹಾಗೆಂದು ದಿನಕ್ಕೆ ಹತ್ತು ಸಲ 'ನೀನು ಒಳ್ಳೆಯವನಪ್ಪಾ' ಎಂದು ಸಮಾಧಾನವನ್ನೂ ಮಾಡಬೇಡಿ. ಆಗ ಮೊಬೈಲಿನ ಪ್ರಶ್ನಾವಳಿಯ ಜಾಗದಲ್ಲಿ ನೀವು ಕುಳಿತಿರುತ್ತೀರಿ. ಒಮ್ಮೆ ಮನಸಾರೆ ಹೇಳಿ. ಮುಂದಿನ ಸಲ ಕೇಳಿದಾಗ, 'ಇದನ್ನು ಆಗಲೇ ಮಾತಾಡಿದ್ದೇವೆ, ಬಾ, ಊಟ ಮಾಡೋಣ' ಎನ್ನಿ.

ಆ ಹುಡುಗ ಮೂರು ತಿಂಗಳು ಔಷಧಿಯನ್ನೂ ಚಿಕಿತ್ಸೆಯನ್ನೂ ಬಿಡದೆ ತೆಗೆದುಕೊಂಡ. ಮೊದಲ ವಾರ ಊಟದ ಮೇಜಿನ ಮೇಲೆ ಬೆಣ್ಣೆ ಸವರುವ ಮೊಂಡು ಚಾಕು ಇಟ್ಟುಕೊಂಡು ಕೂರುವುದರಿಂದ ಶುರುಮಾಡಿದೆವು. ಪ್ರಶ್ನಾವಳಿ ಬಿಡುವುದೇ ಚಾಕು ಹಿಡಿಯುವುದಕ್ಕಿಂತ ಕಷ್ಟವಾಯಿತು ಎಂದು ಆಮೇಲೆ ಹೇಳಿದ. ನಡುವೆ ಎರಡು ಸಲ ಜಾರಿದ, ಮತ್ತೆ ಎದ್ದ. ಈಗಲೂ ಅವನ ಚಿಕಿತ್ಸೆ ನಡೆಯುತ್ತಿದೆ. ಆ ಯೋಚನೆ ಈಗಲೂ ಒಮ್ಮೊಮ್ಮೆ ಬರುತ್ತದಂತೆ, ಆದರೆ ನಿಲ್ಲುವುದಿಲ್ಲ.

ಹೋದ ತಿಂಗಳು ತಾಯಿ ಒಬ್ಬರೇ ಬಂದಿದ್ದರು, ತಮ್ಮ ರಕ್ತದೊತ್ತಡ ತೋರಿಸಿಕೊಳ್ಳಲು. ಮಗ ಹೇಗಿದ್ದಾನೆ ಎಂದು ಕೇಳಿದೆ. "ಯುಗಾದಿಗೆ ಬಂದಿದ್ದ ಡಾಕ್ಟ್ರೇ. ಹೋಳಿಗೆ ಸಾರಿಗೆ ಈರುಳ್ಳಿ, ಪಲ್ಯಕ್ಕೆ ಬೀನ್ಸ್, ಎಲ್ಲ ಅವನೇ ಹೆಚ್ಚಿಕೊಟ್ಟ. ಬೀನ್ಸ್ ಸ್ವಲ್ಪ ದಪ್ಪ ಆಗಿತ್ತು. ನಾನೇನೂ ಹೇಳಲಿಲ್ಲ" ಎಂದರು.